ಎರೆ ಮಣ್ಣಿನ ಊರಲ್ಲಿ ‘ಉಳಬೇಡಿ’ ಎನ್ನುವ ಮುನ್ನ

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುವ ಸೀಮೆಯಲ್ಲಿ ನಿಂತು ‘ನೆಲ ಅಗೆಯಬೇಡಿ, ಉಳಬೇಡಿ’ ಎಂದು ಮಾತಾಡಲು ಧೈರ್ಯ ಬೇಕು. ಧೈರ್ಯಕ್ಕಿಂತ ಹೆಚ್ಚು ಜಾಣತನ ಬೇಕು. ಕಲಬುರಗಿ ನಗರದ ಮಗ್ಗುಲಿನ ಶರಣಸಿರಸಗಿಯಂಥ ಊರಲ್ಲಿ ನಿಮ್ಮ ಮುಂದೆ ಕೂರುವವರು ಒಂದೇ ಬಗೆಯವರಲ್ಲ. ಹೊಲ ಹರಗುತ್ತಲೇ ತಲೆ ನರೆತ ಮುತ್ಯಾ ಬಂದಿರುತ್ತಾರೆ. ಹಿತ್ತಲಲ್ಲಿ ನಾಲ್ಕು ಬದನೆ, ಒಂದು ಹಿರೇಬಳ್ಳಿ ಸಾಕಿಕೊಂಡ ಅಕ್ಕಂದಿರು ಬಂದಿರುತ್ತಾರೆ. ಬೆಳಗಾದರೆ ಪೇಟೆಗೆ ಬಸ್ಸು ಹಿಡಿಯುವ ಹುಡುಗರೂ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಮೊದಲ ಐದು ನಿಮಿಷದಲ್ಲಿ ಮುತ್ಯಾ ಎದ್ದು ಹೋದರೆ ಉಳಿದವರು ಕೂತಿದ್ದರೂ ಕೂತಂತಲ್ಲ.

ಆದ್ದರಿಂದ ಮಾತಿನ ಎಲ್ಲೆಯನ್ನು ಮೊದಲೇ ಹಾಕಿಕೊಳ್ಳಿ. ನೀವು ಮಾತಾಡಲು ಹೊರಟಿರುವುದು ಹತ್ತೆಕರೆ ತೊಗರಿ ಹೊಲದ ಬಗ್ಗೆ ಅಲ್ಲ, ಮನೆ ಹಿಂದಿನ ಹಿತ್ತಲ ಬಗ್ಗೆ. ಅಗೆಯದೆ, ಬುಡಮೇಲು ಮಾಡದೆ, ಮೇಲೆ ಹೊದಿಕೆ ಹಾಸಿ ಕಾಯಿಪಲ್ಲೆ ಬೆಳೆಯುವ ಒಂದು ಮಡಿಯ ಬಗ್ಗೆ. ಇದನ್ನು ಬಾಯಿಬಿಟ್ಟು ಹೇಳಿಬಿಡಿ: ‘ನಿಮ್ಮ ಹೊಲದ ಬೇಸಾಯ ತಿದ್ದಲಿಕ್ಕೆ ನಾ ಬಂದಿಲ್ಲರೀ, ಹಿತ್ತಲದ ಮಾತು ಆಡಲಿಕ್ಕೆ ಬಂದೀನಿ.’ ಈ ಒಂದು ವಾಕ್ಯ ಅರ್ಧ ಜಗಳವನ್ನು ತಪ್ಪಿಸುತ್ತದೆ. ಹಿತ್ತಲಲ್ಲಿ ಕಂಡದ್ದನ್ನು ಹೊಲಕ್ಕೆ ಒಯ್ಯಬೇಕೋ ಬೇಡವೋ ಎಂಬುದನ್ನು ರೈತರು ತಾವೇ ತೂಗಿ ನೋಡುತ್ತಾರೆ. ಆ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಯಾವಾಗ, ಎಲ್ಲಿ

ಮೇ ತಿಂಗಳು ಬೇಡ. 42 ಡಿಗ್ರಿ ದಾಟುವ ಬಿಸಿಲಿನಲ್ಲಿ ತಗಡಿನ ಸಮುದಾಯ ಭವನದೊಳಗೆ ಯಾರ ಮಾತೂ ಯಾರ ಕಿವಿಗೂ ಇಳಿಯುವುದಿಲ್ಲ. ಜೂನ್, ಜುಲೈನಲ್ಲಿ ಬಿತ್ತನೆಯ ಗಡಿಬಿಡಿ. ಡಿಸೆಂಬರ್ 5ರ ವಿಶ್ವ ಮಣ್ಣು ದಿನ ನೆಪಕ್ಕೆ ಒಳ್ಳೆಯದು, ಆದರೆ ಆಗ ತೊಗರಿ ಕೊಯ್ಲು ತಲೆಯ ಮೇಲಿರುತ್ತದೆ. ನನ್ನ ಆಯ್ಕೆ ಎಳ್ಳಮಾವಾಸ್ಯೆ ಕಳೆದು, ಚರಗ ಚೆಲ್ಲಿ, ರಾಶಿ ಮುಗಿದು ಜನ ಸ್ವಲ್ಪ ಉಸಿರು ಬಿಡುವ ಜನವರಿ ಕೊನೆ ಅಥವಾ ಫೆಬ್ರುವರಿ. ಇನ್ನೊಂದು ಅನುಕೂಲವೂ ಉಂಟು. ಹೊದಿಕೆಗೆ ಬೇಕಾದ ಹೊಟ್ಟು, ಕಡ್ಡಿ, ಬೇವಿನ ಉದುರೆಲೆ ಎಲ್ಲವೂ ಕಣ್ಣೆದುರೇ ಬಿದ್ದಿರುವ ಕಾಲ ಅದು.

ಸಂಜೆ ಐದೂವರೆ ಒಳ್ಳೆಯ ಹೊತ್ತು. ಹೆಂಗಸರು ಬರಬೇಕೆಂದರೆ ರೊಟ್ಟಿ ಬಡಿಯುವ ವೇಳೆಗೆ ಮುಗಿಸಬೇಕು. ಹಿತ್ತಲು ಅವರ ಕೈಯಲ್ಲೇ ಇರುವುದರಿಂದ ಅವರು ಬರದ ಸಭೆಗೆ ಅರ್ಥವಿಲ್ಲ. ಕರೆಯುವ ಕೆಲಸವನ್ನು ಊರಿನ ಸ್ತ್ರೀಶಕ್ತಿ ಗುಂಪಿಗೋ ಸಂಜೀವಿನಿ ಸಂಘಕ್ಕೋ ಒಪ್ಪಿಸಿ. ವಾರದ ಉಳಿತಾಯದ ಸಭೆ ಇದ್ದ ದಿನವೇ ಆದರೆ ಇನ್ನೂ ಚೆಂದ. ಜಾಗ ಗುಡಿಯ ಕಟ್ಟೆಯಾದರೂ ಸರಿ, ಶಾಲೆಯ ಅಂಗಳವಾದರೂ ಸರಿ. ಹತ್ತಿರದಲ್ಲಿ ನೀರು ಮತ್ತು ಮಣ್ಣು ಇರಬೇಕು, ಅಷ್ಟೇ. ಫರ್ಸಿ ಹಾಸಿದ ಅಂಗಳದಲ್ಲಿ ಮಣ್ಣಿನ ಮಾತು ಆಡಲಾಗದು.

ಸಭೆಯ ಶಿಷ್ಟಾಚಾರಗಳ ಬಗ್ಗೆ ಒಂದು ಮಾತು. ದೀಪ, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಅಧ್ಯಕ್ಷರ ನುಡಿ, ಮುಖ್ಯ ಅತಿಥಿಗಳ ನುಡಿ ಎಂದು ನಮ್ಮಲ್ಲಿ ಒಂದು ತಾಸು ಹೋಗಿಬಿಡುತ್ತದೆ. ನಿಮ್ಮ ಸರದಿ ಬರುವಾಗ ಕತ್ತಲಾಗಿ, ತೋರಿಸಬೇಕೆಂದು ತಂದ ಮಣ್ಣು ಯಾರಿಗೂ ಕಾಣುವುದಿಲ್ಲ. ಸಂಘಟಕರ ಕೈಹಿಡಿದು ಬೇಡಿಕೊಳ್ಳಿ: ಸನ್ಮಾನವೆಲ್ಲ ಕೊನೆಗೆ. ವಚನದಿಂದ ಶುರುಮಾಡುವುದು ಇಲ್ಲಿನ ವಾಡಿಕೆ, ಒಂದನ್ನು ಹೇಳಿ ಮುಂದೆ ಹೋಗಿ. ಬಸವಣ್ಣನವರೇ ಉಳುಮೆರಹಿತ ಕೃಷಿ ಹೇಳಿದ್ದರು ಎಂಬಂತೆ ಎಳೆದಾಡಬೇಡಿ. ಈ ಸೀಮೆಯ ಕೇಳುಗರಿಗೆ ವಚನ ನಿಮಗಿಂತ ಹೆಚ್ಚು ಬಾಯಿಗೆ ಬರುತ್ತದೆ.

ಪರದೆ ಬೇಡ, ಹೆಂಟೆ ತನ್ನಿ

ಪ್ರೊಜೆಕ್ಟರು ಬಿಟ್ಟು ಬನ್ನಿ. ಮಣ್ಣಿನ ಚಿತ್ರವನ್ನು ಮಣ್ಣಿನವರಿಗೆ ಪರದೆಯ ಮೇಲೆ ತೋರಿಸುವುದರಲ್ಲಿ ಏನೋ ಒಂದು ಅವಮಾನವಿದೆ. ಬದಲಿಗೆ ಎರಡು ಪ್ರಯೋಗಗಳನ್ನು ಮಾಡಿ ತೋರಿಸಿ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಮೊದಲನೆಯದು ಮಳೆಯ ಪ್ರಯೋಗ. ಐದು ಲೀಟರಿನ ಎರಡು ನೀರಿನ ಕ್ಯಾನುಗಳನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿಕೊಳ್ಳಿ. ಎರಡಕ್ಕೂ ಒಂದೇ ಹೊಲದ ಎರೆ ಮಣ್ಣನ್ನು ಒಂದೇ ಮಟ್ಟಕ್ಕೆ ತುಂಬಿ. ಒಂದರ ಮೈ ಬರಿದಾಗಿಯೇ ಇರಲಿ, ಇನ್ನೊಂದಕ್ಕೆ ಮೂರು ಬೆರಳು ದಪ್ಪ ತೊಗರಿ ಹೊಟ್ಟೋ ಒಣ ಎಲೆಯೋ ಹಾಸಿ. ಹಿಂಬದಿಗೆ ಅರ್ಧ ಇಟ್ಟಿಗೆ ಕೊಟ್ಟು ಬಾಯಿ ಕಡೆಗೆ ಇಳಿಜಾರು ಮಾಡಿ, ಬಾಯಿಯ ಕೆಳಗೆ ಗಾಜಿನ ಲೋಟ ಇಡಿ. ಸಭೆಯಿಂದ ಇಬ್ಬರು ಮಕ್ಕಳನ್ನು ಕರೆದು, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಎರಡಕ್ಕೂ ಒಂದೊಂದು ಲೀಟರು ಸುರಿಸಿ. ಬರಿಮೈ ಮಣ್ಣಿನಿಂದ ರಾಡಿ ನೀರು ಬೇಗನೆ ಇಳಿಯುತ್ತದೆ. ಹೊದಿಕೆಯಡಿಯಿಂದ ತಡವಾಗಿ, ಕಡಿಮೆಯಾಗಿ, ತಿಳಿಯಾಗಿ ಬರುತ್ತದೆ. ಈ ಪ್ರಯೋಗ ಕೈಕೊಡುವುದಿಲ್ಲ. ಲೋಟಗಳನ್ನು ಜನರ ಕೈಗೆ ಕೊಟ್ಟುಬಿಡಿ, ಸಾಲಿನಿಂದ ಸಾಲಿಗೆ ಹೋಗಲಿ. ಸೆಪ್ಟೆಂಬರಿನ ಮಳೆಗೆ ಹಳ್ಳದಲ್ಲಿ ಹರಿದುಹೋಗುವ ಕಪ್ಪು ನೀರು ಯಾರ ಹೊಲದ್ದು ಎಂದು ನೀವು ಹೇಳಬೇಕಾಗಿಲ್ಲ.

ಎರಡನೆಯದು ಹೆಂಟೆಯ ಪ್ರಯೋಗ, ಇದಕ್ಕೆ ಎಚ್ಚರ ಬೇಕು. ಉತ್ತ ಹೊಲದಿಂದ ಒಂದು ಹೆಂಟೆ, ಒಡ್ಡಿನ ಮೇಲೆ ಬನ್ನಿ ಅಥವಾ ಬೇವಿನ ಗಿಡದ ಬುಡದಿಂದ ಇನ್ನೊಂದು ತಂದು, ನೆರಳಲ್ಲಿ ಒಣಗಿಸಿ, ಚಹಾ ಸೋಸುವ ಜಾಳಿಗೆಯಲ್ಲಿಟ್ಟು ಗಾಜಿನ ಬರಣಿಯ ನೀರಿಗೆ ಮೆಲ್ಲಗೆ ಇಳಿಸುವುದು. ಅಂತರ್ಜಾಲದ ವಿಡಿಯೊಗಳಲ್ಲಿ ಒಂದು ಹೆಂಟೆ ಕುಸಿದು ಕೆಸರಾಗುತ್ತದೆ, ಇನ್ನೊಂದು ಗಟ್ಟಿಯಾಗಿ ಕೂರುತ್ತದೆ. ನಮ್ಮ ಎರೆ ಅಷ್ಟು ಸುಲಭದ್ದಲ್ಲ. ಒಣಗಿದ ಎರೆ ಹೆಂಟೆ ನೀರಿಗೆ ಬಿದ್ದರೆ ಒಳ್ಳೆಯದೂ ಹಳ್ಳು ಹಳ್ಳಾಗಿ ಉದುರುತ್ತದೆ. ನೋಡಬೇಕಾದದ್ದು ನೀರನ್ನು: ಸಣ್ಣ ಹಳ್ಳುಗಳು ತಳದಲ್ಲಿ ಕೂತು ನೀರು ತಿಳಿಯಾಗಿಯೇ ಉಳಿಯಿತೋ, ಇಡೀ ಬರಣಿ ಕದಡಿ ಹಾಲುಹಾಲಾಯಿತೋ. ಹಿಂದಿನ ದಿನ ಮನೆಯಲ್ಲಿ ಮಾಡಿ ನೋಡಿ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ ಸಭೆಗೆ ತರಲೇಬೇಡಿ.

ನಗರದ ಬಡಾವಣೆಗಳಲ್ಲಿ ಮಾತಾಡುವವರಿಗೆ ಬೇರೆಯೇ ತೊಡಕು. ಕಲಬುರಗಿಯ ಎಷ್ಟೋ ಸೈಟುಗಳಲ್ಲಿ ಎರೆ ಬಿರಿಯುತ್ತದೆಂದು ಗರಸು ತುಂಬಿ, ಮೇಲೆ ಕಟ್ಟಡದ ಸಿಮೆಂಟು ಚೂರು, ಇಟ್ಟಿಗೆ ಚೂರು ಸೇರಿ ನೆಲ ಕಲ್ಲಾಗಿರುತ್ತದೆ. ಅಂಥಲ್ಲಿ ‘ಅಗೆಯಬೇಡಿ’ ಎಂದರೆ ಜನ ನಕ್ಕಾರು. ಅಗೆಯಲು ಸಲಿಕೆಯೇ ಇಳಿಯುವುದಿಲ್ಲವಲ್ಲ. ಆದರೆ ಈ ಪದ್ಧತಿ ಹೆಚ್ಚು ಉಪಯೋಗಕ್ಕೆ ಬರುವುದೇ ಅಲ್ಲಿ. ನೆಲದ ಮೇಲೆ ಮಡಿ ಕಟ್ಟುತ್ತೀರಿ, ನೆಲದೊಳಗಲ್ಲ.

ಎರೆ ಮಣ್ಣಿನ ಗುಣ ಹೇಳಿ

ವಿಜ್ಞಾನ ಹೇಳುವಾಗ ಹೊರಗಿನಿಂದ ತರಬೇಡಿ, ಕಾಲಡಿಯದನ್ನೇ ಹೇಳಿ. ಕಪ್ಪು ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರುಕು ಬಿಡುತ್ತದೆ. ಮೇಲಿನ ಪುಡಿ ಮಣ್ಣು ಆ ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದು ಒಳಗೆ ಉಬ್ಬಿದಾಗ ಕೆಳಗಿನ ಮಣ್ಣು ಮೇಲಕ್ಕೆ ಒತ್ತುತ್ತದೆ. ಅಂದರೆ ಈ ನೆಲ ವರ್ಷ ವರ್ಷ ತನ್ನನ್ನು ತಾನೇ ನಿಧಾನವಾಗಿ ಮಗುಚಿಕೊಳ್ಳುತ್ತಿರುತ್ತದೆ. ಇಷ್ಟು ಹೇಳಿದರೆ ಹಿರಿಯರು ತಲೆಯಾಡಿಸುತ್ತಾರೆ, ಏಕೆಂದರೆ ಅವರು ಅದನ್ನು ಕಂಡವರು.

ಆಮೇಲೆ ತೊಗರಿಗೆ ಬನ್ನಿ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಗುಲ್ಬರ್ಗಾ ತೊಗರಿಬೇಳೆಯ ಊರಿದು. ಬೇಳೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬೇರಿನ ಬಗ್ಗೆ ಯಾರೂ ಆಡುವುದಿಲ್ಲ. ತೊಗರಿಯ ತಾಯಿಬೇರು ನೇಗಿಲು ಮುಟ್ಟದ ಆಳಕ್ಕೆ ಇಳಿಯುತ್ತದೆ, ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಕೊಯ್ಲಿಗೆ ಮುನ್ನ ಎಲೆ ಉದುರಿಸಿ ನೆಲ ಮುಚ್ಚುತ್ತದೆ. ಹಿತ್ತಲ ಮೂಲೆಯಲ್ಲಿ ಒಂದು ಸಾಲು ತೊಗರಿ ಹಾಕಿ, ಕಾಯಿ ಬಿಡಿಸಿಕೊಂಡ ಮೇಲೆ ಗಿಡವನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದರೆ ಆ ಬೇರು ಅಲ್ಲೇ ಕೊಳೆತು ನೀರಿಗೂ ಗಾಳಿಗೂ ಎರೆಹುಳುವಿಗೂ ದಾರಿಯಾಗುತ್ತದೆ. ಅಗೆಯದ ತೋಟದ ಕೆಲಸವನ್ನು ಬೇರು ಮತ್ತು ಹುಳು ಮಾಡುತ್ತವೆ. ನಾವು ವರ್ಷಕ್ಕೆರಡು ಸಲ ಸಲಿಕೆ ಹಾಕಿ ಅವುಗಳ ದಾರಿ ಕಡಿಯುತ್ತೇವೆ. ಒಂದು ಎಚ್ಚರಿಕೆಯನ್ನೂ ಸೇರಿಸಿ: 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಯನ್ನು ಒಣಗಿಸಿದ ನೆಟೆ ರೋಗದ ಶಿಲೀಂಧ್ರ ಸತ್ತ ಗಿಡದ ಬೇರು, ಕಟ್ಟಿಗೆಯಲ್ಲಿ ಉಳಿದುಕೊಳ್ಳುತ್ತದೆ. ನೆಟೆ ಬಿದ್ದ ಗಿಡ ಬದನೆಗೆ, ಮೆಣಸಿಗೆ ರೋಗ ತರದಿದ್ದರೂ ಮುಂದೆ ತೊಗರಿ ಹಾಕುವ ಜಾಗಕ್ಕೆ ಅದರ ಕಡ್ಡಿ, ಬೇರು ಬೇಡ.

ಅಲ್ಲೇ ಒಂದು ಮಡಿ ಕಟ್ಟಿ

ಮಾತು ಇಪ್ಪತ್ತು ನಿಮಿಷ ಸಾಕು. ಮುಂದಿನ ಇಪ್ಪತ್ತು ನಿಮಿಷ ಎಲ್ಲರೂ ಎದ್ದು ಬಂದು ಮಡಿ ಕಟ್ಟಲಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ನಾಲ್ಕು ಅಡಿಗಿಂತ ಅಗಲ ಬೇಡ. ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟಬೇಕು, ಯಾರೂ ಮಡಿಯ ಮೇಲೆ ಕಾಲಿಡಬಾರದು. ಹಸಿ ಎರೆಯನ್ನು ಒಮ್ಮೆ ತುಳಿದರೆ ಒಣಗಿದ ಮೇಲೆ ಇಟ್ಟಿಗೆ. ಅಗೆಯದಿರುವುದಕ್ಕಿಂತ ತುಳಿಯದಿರುವುದೇ ಈ ಪದ್ಧತಿಯ ದೊಡ್ಡ ನಿಯಮ, ಮನೆಯ ಮಕ್ಕಳಿಗೆ ಅದನ್ನು ಮೊದಲು ಹೇಳಿ.

ಇರುವ ಕಸವನ್ನು ಕೀಳದೆ ನೆಲಮಟ್ಟಕ್ಕೆ ಕುಡುಗೋಲಿನಿಂದ ಕೊಯ್ದು ಅಲ್ಲೇ ಬಿಡಿ. ಕಾಂಗ್ರೆಸ್ ಕಸವಿದ್ದರೆ ಹೂ ಬಿಡುವ ಮೊದಲೇ ಕೊಯ್ಯಬೇಕು, ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು, ಅದರ ಅಲರ್ಜಿ ಕೆಟ್ಟದ್ದು. ನೆಲಕ್ಕೆ ಚೆನ್ನಾಗಿ ನೀರುಣಿಸಿ. ಮೇಲೆ ರಟ್ಟಿನ ಡಬ್ಬಿ ಬಿಚ್ಚಿ ಹಾಸಿ. ಅಂಗಡಿಯಿಂದ ಒಂದು ಫ್ರಿಜ್ ಡಬ್ಬಿ, ಎರಡು ಮೂರು ಟಿವಿ ಡಬ್ಬಿ ತಂದರೆ ಇಷ್ಟು ಜಾಗಕ್ಕೆ ಸಾಕು. ಟೇಪು, ಪಿನ್ನು ಕಿತ್ತುಹಾಕಿ. ಮಿರಿಮಿರಿ ಪ್ಲಾಸ್ಟಿಕ್ ಮೈಯ ರಟ್ಟು ಬೇಡ. ಅಂಚುಗಳು ಒಂದರ ಮೇಲೊಂದು ಒಂದು ಗೇಣು ಕೂರಲಿ, ಸಂದು ಬಿಟ್ಟರೆ ಕರಿಕೆ ಅಲ್ಲಿಂದಲೇ ತಲೆಯೆತ್ತುತ್ತದೆ. ರಟ್ಟು ನೆನೆಯುವವರೆಗೆ ಮತ್ತೆ ನೀರು. ಅದರ ಮೇಲೆ ಎರಡು ಇಂಚು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ: ಹದಿನೈದು ಲೀಟರಿನ ಬಕೆಟ್ಟಿನಲ್ಲಿ ಸುಮಾರು ಹನ್ನೆರಡು. ಹಸಿ ಸಗಣಿ ಹಾಕಿದರೆ ಸಸಿ ಸುಡುತ್ತದೆ, ಗೊಣ್ಣೆ ಹುಳು ಸೇರಿಕೊಳ್ಳುತ್ತದೆ. ಎಲ್ಲಕ್ಕೂ ಮೇಲೆ ನಾಲ್ಕು ಇಂಚು ಒಣ ಹೊದಿಕೆ, ಗೋಣಿಚೀಲದಲ್ಲಿ ಒತ್ತದೆ ತುಂಬಿದರೆ ಐದು ಚೀಲವಾದೀತು.

ಗರಸು ತುಂಬಿದ ಸೈಟಿನಲ್ಲಿ ಗೊಬ್ಬರದ ಪದರ ಎರಡಲ್ಲ, ಐದಾರು ಇಂಚು ಬೇಕು. ಒಳ್ಳೆಯ ಮಣ್ಣನ್ನು ಅರ್ಧ ಬೆರೆಸಬಹುದು. ಎರೆ ನೆಲದಲ್ಲಿ ತೊಂದರೆ ತಿರುವುಮುರುವು. ಅಲ್ಲಿ ಸೆಪ್ಟೆಂಬರಿನಲ್ಲಿ ನೀರು ನಿಂತು ಬೇರು ಉಸಿರುಗಟ್ಟುತ್ತದೆ. ಆದ್ದರಿಂದ ಮೊದಲ ಸಲ, ಒಂದೇ ಒಂದು ಸಲ, ಸಲಿಕೆ ಹಿಡಿಯಿರಿ: ಸುತ್ತಲಿನ ಒಂದೂವರೆ ಅಡಿ ದಾರಿಯ ಮಣ್ಣು ತೆಗೆದು ಮಡಿಗೆ ಏರಿಸಿ, ದಾರಿಯೇ ಬಸಿಗಾಲುವೆಯಾಗಲಿ. ಹೈದರಾಬಾದ್ ಬಳಿ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1970ರ ದಶಕದಿಂದಲೇ ಕಪ್ಪು ಮಣ್ಣಿಗೆ ಹೇಳುತ್ತ ಬಂದ ಅಗಲ ಏರುಮಡಿಯ ಸೂತ್ರವೂ ಇದೇ: ಸುಮಾರು ಒಂದು ಮೀಟರು ಮಡಿ, ಅರ್ಧ ಮೀಟರು ಕಾಲುವೆ, ಮಡಿಯ ಜಾಗ ಬದಲಿಸುವುದಿಲ್ಲ. ಶುದ್ಧಾಚಾರಿಗಳು ‘ಸಲಿಕೆ ಮುಟ್ಟಿದಿರಿ’ ಎಂದು ತಕರಾರು ತೆಗೆದಾರು. ನೀರು ನಿಂತ ಮಡಿಯಲ್ಲಿ ಶುದ್ಧಾಚಾರವೂ ಕೊಳೆಯುತ್ತದೆ.

ಮೊದಲ ಬೆಳೆಗೆ ಬದನೆ, ಟೊಮ್ಯಾಟೊ, ಮೆಣಸಿನ ಸಸಿ ಸೂಕ್ತ. ಹೊದಿಕೆ ಸರಿಸಿ, ರಟ್ಟಿಗೆ ತೂತು ಮಾಡಿ, ಬೇರು ಕೆಳಗಿನ ಮಣ್ಣಿಗೆ ತಾಗುವಂತೆ ನೆಡಿ. ಮೆಂತ್ಯೆ, ಕೊತ್ತಂಬರಿ, ರಾಜಗಿರಿಯಂಥ ಸಣ್ಣ ಬೀಜಗಳು ದಪ್ಪ ಹೊದಿಕೆ ದಾಟಿ ಬರಲಾರವು. ಗೆರೆ ಎಳೆದಂತೆ ಹೊದಿಕೆ ತೆರೆದು, ಗೊಬ್ಬರದಲ್ಲಿ ಬಿತ್ತಿ, ಸಸಿ ಬೆರಳುದ್ದ ಆದಮೇಲೆ ಮತ್ತೆ ಮುಚ್ಚಬೇಕು. ಪುಂಡಿ ಮಾತ್ರ ಹೇಗೆ ಹಾಕಿದರೂ ಬರುತ್ತದೆ, ಅದಕ್ಕೆ ಯಾರ ಭಾಷಣವೂ ಬೇಡ.

ಪ್ರಶ್ನೆಗಳು ಬಂದೇ ಬರುತ್ತವೆ

ಸಭೆಯ ನಿಜವಾದ ಹೊತ್ತು ಇದು. ಇದಕ್ಕೆ ಅರ್ಧ ತಾಸು ಇಟ್ಟುಕೊಳ್ಳಿ. ಮೊದಲ ಬಾಣ ಮುತ್ಯಾನ ಕಡೆಯಿಂದ:

‘ಸರ, ಹರಗಲಿಲ್ಲಂದ್ರ ನೆಲಾ ಬಾಯಿ ಬಿಡ್ತದ, ಹಸಿ ಎಲ್ಲಾ ಹಾರಿ ಹೋಗ್ತದ. ನಮ್ಮಪ್ಪ, ನಮ್ಮ ಮುತ್ಯಾ ಹರಗಿದ್ದು ಸುಳ್ಳೇನ್ರಿ?’

ಇದಕ್ಕೆ ತಡವರಿಸಬೇಡಿ. ಹರಗಿದ್ದು ಸುಳ್ಳಲ್ಲ. ಕುಂಟೆ ಹೊಡೆದಾಗ ಮೇಲಿನ ಎರಡು ಮೂರು ಇಂಚು ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ, ಕೆಳಗಿನ ಹಸಿ ಮೇಲಕ್ಕೆ ಏರುವ ದಾರಿ ಕಡಿಯುತ್ತದೆ. ಹಿರಿಯರು ಹೊಲಕ್ಕೆ ಮಣ್ಣಿನದೇ ಹೊದಿಕೆ ಹೊದಿಸುತ್ತಿದ್ದರು. ‘ನೀವು ಪುಡಿಮಣ್ಣಿಲೆ ಮಾಡಿದ್ದನ್ನ ನಾವು ಹಿತ್ತಲದಾಗ ಹೊಟ್ಟಿಲೆ ಮಾಡ್ತೀವಿ, ಕಾಕಾ’ ಎಂದರೆ ಮಾತು ಜಗಳದಿಂದ ಲೆಕ್ಕಕ್ಕೆ ತಿರುಗುತ್ತದೆ. ಕುಂಟೆಗೂ ರೋಟವೇಟರಿಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಎತ್ತಿ. ಕುಂಟೆ ಮೇಲೆ ಕೆರೆಯುತ್ತದೆ. ರೋಟವೇಟರು ಮಣ್ಣನ್ನು ಹಿಟ್ಟು ಮಾಡಿ, ಅದರಡಿಗೆ ಗಟ್ಟಿ ಪದರ ಬಿಡುತ್ತದೆ, ಟ್ರ್ಯಾಕ್ಟರಿನ ತೂಕ ಬೇರೆ. ಹಿರಿಯರ ಬೇಸಾಯ ಮತ್ತು ಈಗಿನ ಬೇಸಾಯ ಒಂದೇ ಅಲ್ಲವೆಂಬುದನ್ನು ಅವರೇ ವಿವರಿಸತೊಡಗುತ್ತಾರೆ. ಆಗ ನೀವು ಸುಮ್ಮನಿದ್ದು ಕೇಳಿ.

ಹಿಂದೆಯೇ ಓದಿದ ಹುಡುಗನೊಬ್ಬ ಕೇಳುತ್ತಾನೆ: ಕೃಷಿ ಇಲಾಖೆಯವರೇ ಮಾಗಿ ಉಳುಮೆ ಮಾಡಿರಿ ಅಂತಾರಲ್ಲ? ಹೌದು, ಹೊಲಕ್ಕೆ ಅದರ ಕಾರಣಗಳಿವೆ. ತೊಗರಿಯ ಕಾಯಿಕೊರಕ ಮಣ್ಣಿನಲ್ಲಿ ಕೋಶವಾಗಿ ಮಲಗುತ್ತದೆ, ಉತ್ತರೆ ಅದು ಬಿಸಿಲಿಗೆ, ಹಕ್ಕಿಗೆ ಸಿಗುತ್ತದೆ. ಸಡಿಲಾದ ನೆಲ ಮೊದಲ ಮಳೆ ಕುಡಿಯುತ್ತದೆ. ಉಳದಿದ್ದರೆ ಮೊದಲನೆಯ ಲಾಭ ಕೈಬಿಟ್ಟಂತೆ. ಇದನ್ನು ಮುಚ್ಚಿಡಬೇಡಿ. ಹಿತ್ತಲಲ್ಲಿ ಹುಳು ಆರಿಸಲು ಕೈಯಿದೆ, ಬೆಳೆಯ ಜಾಗ ಬದಲಿಸಬಹುದು, ಕೋಳಿ ಕೆದರುತ್ತದೆ. ಹತ್ತೆಕರೆಯಲ್ಲಿ ಅಷ್ಟು ಕೈ ಎಲ್ಲಿಂದ ತರಬೇಕು?

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಎಮ್ಮೆ ಕಟ್ಟಿದ ಮನೆಯಾಕೆಯದು: ‘ಯವ್ವಾ, ಹೊಟ್ಟೆಲ್ಲಾ ನೀ ಹಿತ್ತಲಿಗಿ ಹಾಸಿದ್ರ ನನ್ನ ಎಮ್ಮಿ ಏನ್ ತಿನ್ಬೇಕು?’ ಬಹಳಷ್ಟು ಭಾಷಣಕಾರರು ಸೋಲುವುದು ಇಲ್ಲಿ. ಜೋಳದ ಕಣಿಕೆ ಮೇವು, ತೊಗರಿ ಹೊಟ್ಟು ಮೇವು, ತೊಗರಿ ಕಟ್ಟಿಗೆ ಒಲೆಗೆ. ಈ ಸೀಮೆಯಲ್ಲಿ ಹೊಲದಿಂದ ಬರುವ ಯಾವುದೂ ವ್ಯರ್ಥವಲ್ಲ. ದನದ ಮೇವು ಕಸಿದು ತೋಟ ಮಾಡಿ ಎನ್ನುವುದು ತಪ್ಪು, ಬೇಸಿಗೆ ಮೇವಿನ ಬೆಲೆ ಗೊತ್ತಿದ್ದವರು ಹಾಗೆ ಹೇಳುವುದಿಲ್ಲ. ಹಾಗಾದರೆ ಹೊದಿಕೆ ಎಲ್ಲಿಂದ? ದನ ತಿಂದು ಬಿಟ್ಟ ಗೊಂದಲಿ ತುಂಡು, ಕೊಟ್ಟಿಗೆಯ ಕಸ ಇದೆ. ಫೆಬ್ರುವರಿ, ಮಾರ್ಚಿನಲ್ಲಿ ಬೇವು ಎಲೆ ಸುರಿಸುತ್ತದೆ, ಅದನ್ನು ಗುಡಿಸಿ ಬೆಂಕಿ ಹಚ್ಚುವ ಬದಲು ಚೀಲಕ್ಕೆ ತುಂಬಬಹುದು. ಆಳಂದ, ಅಫಜಲಪುರ ಕಡೆ ಕಬ್ಬಿನ ರವದಿಯನ್ನು ಹೊಲದಲ್ಲೇ ಸುಡುತ್ತಾರೆ, ಕೇಳಿದರೆ ಕೊಟ್ಟಾರು. ನಗರದವರಿಗೆ ಎಳನೀರಿನ ಸಿಪ್ಪೆ, ಸೂಪರ್ ಮಾರ್ಕೆಟ್ಟಿನ ಕಾಯಿಪಲ್ಲೆ ಕಸ, ಉದ್ಯಾನಗಳ ಎಲೆ ಧಾರಾಳ. ಇಷ್ಟೆಲ್ಲ ಸೇರಿದರೂ ಒಂದೋ ಎರಡೋ ಮಡಿಗೆ ಸಾಕಾದೀತು. ಹಿತ್ತಲಿಗಷ್ಟೇ ಮಾತು ಎಂದು ಮೊದಲೇ ಎಲ್ಲೆ ಹಾಕಿಕೊಳ್ಳಲು ಹೇಳಿದ್ದು ಇದಕ್ಕೇ.

ಕಮಲಾಪುರದಲ್ಲಿ ಇದೇ ಮಾತು ಆಡುವವರಿಗೆ ಈ ಪ್ರಶ್ನೆ ಹಗುರ. ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ಊರದು. ಗೊನೆ ಕಡಿದ ಮೇಲೆ ಉಳಿಯುವ ದಿಂಡು ಮತ್ತು ಒಣ ಎಲೆಯೇ ಅಲ್ಲಿ ಹೊದಿಕೆ. ದಿಂಡನ್ನು ಮೊಳದುದ್ದ ಕತ್ತರಿಸಿ, ಸೀಳಿ, ಸೀಳಿದ ಮೈ ಕೆಳಗಾಗಿ ಸಾಲಿನಲ್ಲಿ ಮಲಗಿಸಿದರೆ ಅದು ನೀರನ್ನೂ ಪೊಟ್ಯಾಷನ್ನೂ ನಿಧಾನವಾಗಿ ಬಿಡುತ್ತದೆ. ಅಲ್ಲಿ ಸಭೆಗೆ ಹೋಗುವಾಗ ರಟ್ಟು ಒಯ್ಯಬೇಡಿ, ಒಂದು ಮಚ್ಚು ಒಯ್ಯಿರಿ.

‘ಅಕ್ಕಾರ, ಕಸಾ ಹಾಸಿದ್ರ ಚೇಳು ಬಂದು ಕೂಡ್ತಾವ ನೋಡ್ರಿ.’ ಈ ಮಾತಿಗೆ ಕೆಲವರು ನಗುತ್ತಾರೆ, ನೀವು ನಗಬೇಡಿ. ಚೇಳು ಬರುತ್ತವೆ, ಹಾವೂ ಬಂದೀತು. ಮಡಿ ಮನೆಯ ಗೋಡೆಗೆ ಅಂಟಿರದೆ ಐದಾರು ಅಡಿ ದೂರವಿರಲಿ. ಗೆದ್ದಲು ಬಾಗಿಲ ಚೌಕಟ್ಟಿಗೆ ಹತ್ತದಿರುವುದಕ್ಕೂ ಅದೇ ಅಂತರ ಬೇಕು. ಹೊದಿಕೆ ನಾಲ್ಕು ಇಂಚು ಮೀರಿ ಗುಡ್ಡೆಯಾಗದಿರಲಿ. ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ. ಮಡಿಯಂಚಿಗೆ ಒಡೆದ ಶಹಾಬಾದ್ ಕಲ್ಲು ಜೋಡಿಸುವುದು ನೋಡಲು ಚೆಂದ, ಆದರೆ ಚೇಳಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಅಂಚು ಬರಿ ಮಣ್ಣಿನದೇ ಇರಲಿ. ಗೆದ್ದಲಿನ ವಿಷಯದಲ್ಲಿ ಇಷ್ಟು ತಿಳಿದರೆ ಸಾಕು: ಅದಕ್ಕೆ ಬೇಕಾದ್ದು ಒಣ, ಸತ್ತ ಕಡ್ಡಿ. ಹೊದಿಕೆ ಬಣಬಣ ಒಣಗಿ ಸಸಿ ಮಾತ್ರ ಹಸಿಯಾಗಿದ್ದಾಗ ಅದು ಸಸಿಗೆ ಬಾಯಿ ಹಾಕುತ್ತದೆ. ಬುಡದಿಂದ ಒಂದು ಹಿಡಿ ದೂರ ಹೊದಿಕೆ ಸರಿಸಿ, ಹೊದಿಕೆಗೂ ನೀರು ಚಿಮುಕಿಸಿ.

ಜೇಕಿನ ಬಗ್ಗೆ ಕೇಳಿದರೆ ನಿಜ ಹೇಳಿ. ಅದರ ಗಡ್ಡೆಯಿಂದ ಎದ್ದ ಮೊನೆ ರಟ್ಟನ್ನೂ ತೂರಿ ಬರುತ್ತದೆ. ಕಂಡಾಗಲೆಲ್ಲ ನೆಲಮಟ್ಟಕ್ಕೆ ಕೊಯ್ಯುತ್ತ ಹೋದರೆ ಗಡ್ಡೆ ದಣಿಯುತ್ತದೆ, ಆದರೆ ಒಂದೇ ಹಂಗಾಮಿನಲ್ಲಿ ಅಲ್ಲ.

ಜಗತ್ತಿನ ಮಾತು ಎಷ್ಟು ಬೇಕು

ಜಪಾನಿನ ಕೃಷಿಕ ಮಸನೊಬು ಫುಕುವೊಕಾರ ಹೆಸರು ಹೇಳದೆ ಈ ವಿಷಯ ಮಾತಾಡುವವರು ವಿರಳ. 1975ರಲ್ಲಿ ಜಪಾನಿಯಲ್ಲಿ ಬಂದ ಅವರ ಪುಸ್ತಕ ಕನ್ನಡದಲ್ಲಿ ‘ಒಂದು ಹುಲ್ಲಿನ ಕ್ರಾಂತಿ’ಯಾಗಿ ಓದುಗರನ್ನು ಗಳಿಸಿದೆ. ಅವರಿಂದ ಪ್ರಭಾವಿತರಾಗಿದ್ದ ದೊಡ್ಡಬಳ್ಳಾಪುರದ ನಾಡೋಜ ಎಲ್. ನಾರಾಯಣ ರೆಡ್ಡಿ, 2019ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಊರೂರು ಸುತ್ತಿ ರೈತರೊಡನೆ ಮಾತಾಡಿದರು. ಇಂಥವರ ಹೆಸರು ಹೇಳಿ, ಆದರೆ ಕೊನೆಗೆ, ಒಂದೆರಡು ಮಾತಿನಲ್ಲಿ. ಫುಕುವೊಕಾ ಬೇಸಾಯ ಮಾಡಿದ ಶಿಕೋಕು ದ್ವೀಪದ ಮಳೆ ಬೇರೆ, ರೆಡ್ಡಿಯವರ ಕೆಂಪು ಮಣ್ಣು ಬೇರೆ. ಅವರು ಮಾಡಿದ್ದನ್ನು ಹಾಗೆಯೇ ಇಲ್ಲಿಗೆ ಇಳಿಸಿದರೆ ಎರೆ ಒಪ್ಪುವುದಿಲ್ಲ.

‘ಹೊರದೇಶದಾಗ ಸಾವಿರಾರು ಎಕರೆ ಉಳದೇ ಬೆಳೀತಾರಂತಲ್ಲ’ ಎಂದು ಯಾರಾದರೂ ಎತ್ತಿದರೆ ಉಳಿದರ್ಧವನ್ನೂ ಹೇಳಬೇಕು. ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾದ ದೊಡ್ಡ ಹೊಲಗಳಲ್ಲಿ ನೇಗಿಲಿನ ಕೆಲಸವನ್ನು ಹೆಚ್ಚಾಗಿ ಗ್ಲೈಫೋಸೇಟಿನಂಥ ಕಳೆನಾಶಕ ಮಾಡುತ್ತದೆ. ಹಿತ್ತಲಲ್ಲಿ ಅದರ ಅಗತ್ಯವಿಲ್ಲ, ಕುಡುಗೋಲು ಇದೆ. ಇಳುವರಿಯ ಪ್ರಶ್ನೆಗೂ ಉತ್ತರ ಕೈಯಲ್ಲಿರಲಿ. 63 ದೇಶಗಳ 610 ಅಧ್ಯಯನಗಳನ್ನು ಒಟ್ಟು ಮಾಡಿ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಉಳದೆ ಬಿಟ್ಟರೆ ಒಟ್ಟಾರೆ ಇಳುವರಿ ಸ್ವಲ್ಪ ತಗ್ಗುತ್ತದೆ. ಆದರೆ ಮಳೆಯಾಶ್ರಿತ ಒಣ ಪ್ರದೇಶಗಳಲ್ಲಿ, ಬೆಳೆಯುಳಿಕೆಯನ್ನು ಹೊದಿಕೆಯಾಗಿ ಬಿಟ್ಟು ಬೆಳೆ ಬದಲಿಸುತ್ತ ಹೋದಲ್ಲಿ, ಶೇ 7ರಷ್ಟು ಏರಿತ್ತು. ಹೊದಿಕೆಯಿಲ್ಲದೆ ಬರಿದೇ ಉಳುಮೆ ಬಿಟ್ಟರೆ ನಷ್ಟವೇ. ಕಲಬುರಗಿಗೆ ಹೊಂದುವ ಅಂಕಿಯೂ ಇದೇ, ಎಮ್ಮೆಯ ಮನೆಯಾಕೆಯ ಪ್ರಶ್ನೆ ಮತ್ತೆ ಎದುರು ನಿಲ್ಲುವುದೂ ಇಲ್ಲಿಯೇ.

ಸಭೆ ಮುಗಿದ ಮೇಲೆ

ಕಟ್ಟಿದ ಮಡಿ ಯಾರದು ಎಂಬುದನ್ನು ಸಭೆಗೆ ಮೊದಲೇ ತೀರ್ಮಾನಿಸಿರಬೇಕು. ಶಾಲೆಯ ಹಿತ್ತಲು ಎಲ್ಲರಿಗೂ ಕಾಣುತ್ತದೆ, ನಿಜ. ಆದರೆ ಏಪ್ರಿಲ್‌ನಲ್ಲಿ ರಜೆ ಬಿದ್ದರೆ ನೀರು ಹಾಕುವವರಿಲ್ಲದೆ ಮೇ ಹೊತ್ತಿಗೆ ರಟ್ಟು ಒಣಗಿ ಸೆಟೆದು, ‘ಆ ಭಾಷಣದ ಕಸ’ ಎಂದು ಹೆಸರಾಗುತ್ತದೆ. ಬಾವಿಯೋ ನಲ್ಲಿಯೋ ಹತ್ತಿರವಿದ್ದು, ಪಾತ್ರೆ ತೊಳೆದ ನೀರನ್ನಾದರೂ ದಿನಾ ಹಾಕುವ ಒಬ್ಬಾಕೆಯ ಮನೆಯ ಹಿತ್ತಲು ಮೇಲು. ಹತ್ತು ಜನ ಬಂದು ನೋಡಿ ಹೋಗಲು ಆಕೆ ಒಪ್ಪಬೇಕು, ಅಷ್ಟೇ. ಹೊರಡುವಾಗ ಒಂದು ಪುಟದ ಚೀಟಿ ಹಂಚಿ: ಅಳತೆ, ಪದರಗಳ ಕ್ರಮ, ಮಡಿಯಿದ್ದ ಮನೆಯ ಗುರುತು. ಮಣ್ಣು ಪರೀಕ್ಷೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಬೆಳೆಯ ಪ್ರಶ್ನೆಗಳಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಡಿಯ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರ ಎಂದು ಬರೆದಿರಲಿ. ಎಲ್ಲದಕ್ಕೂ ನೀವೇ ಉತ್ತರ ಕೊಡಬೇಕಾಗಿಲ್ಲ.

ಮೃಗಶಿರ ಮಳೆಗೆ ಒಂದು ವಾರ ಮೊದಲು ಮತ್ತೆ ಆ ಊರಿಗೆ ಹೋಗಿ. ಮೈಕು, ಹಾರ ಏನೂ ಬೇಡ. ಆ ಮಡಿಯ ಹೊದಿಕೆಯನ್ನು ಅಕ್ಕಪಕ್ಕದ ಮನೆಯವರೆದುರು ಸರಿಸಿ ನೋಡಿ. ರಟ್ಟು ಕರಗಿ ಕೆಳಗೆ ಹಸಿ ಉಳಿದಿದ್ದರೆ ಮಳೆಗಾಲದ ಸಸಿ ನೆಡಬಹುದು. ರಟ್ಟು ಇನ್ನೂ ಗಟ್ಟಿಯಿದ್ದರೆ ನೀರು ಸಾಲದೆ ಹೋಗಿದೆ, ನೆನೆಸಿ ಮತ್ತೆ ಮುಚ್ಚಿ. ಹೊದಿಕೆ ಎರಡು ಇಂಚಿಗೆ ಇಳಿದಿರುತ್ತದೆ, ಅದಕ್ಕೆ ಎರಡು ಚೀಲ ಬೇವಿನೆಲೆ ಒಯ್ದಿರಿ. ಜೇಕು ಎದ್ದಿದ್ದರೆ ಕುಡುಗೋಲು ಹಿಡಿದು ನೀವೇ ಕೂತು ಕೊಯ್ಯಿರಿ.